ಉಡಿಯಕ್ಕಿ ಕಟ್ಟಿಕೊಂಡು ಐರ್ಲೆಂಡಿಗೆ

ಚಿದ್ರಿ, ಬೀದರ

ನಮ್ಮ ಸೂಟ್‌ಕೇಸಿನೊಳಗೆ ಎಲ್ಲಕ್ಕಿಂತ ಮೊದಲು ಹೋದದ್ದು ಅಕ್ಕಿ. ಸ್ವೆಟರು, ಬಿ.ಪಿ. ಗುಳಿಗೆ, ಶೇಂಗಾ ಹಿಂಡಿ, ಸಜ್ಜೆ ರೊಟ್ಟಿ ಎಲ್ಲ ಆಮೇಲೆ. ಅವ್ವ ಕನ್ನಡಕ ಏರಿಸಿ ಕೂತು ಅಕ್ಕಿಯನ್ನು ಮೊರದಲ್ಲಿ ತಾನೇ ಹಸನು ಮಾಡಿದಳು, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಅದರ ಜೊತೆಗೆ ಅರಿಶಿನ ಬೇರು, ಉತ್ತತ್ತಿ, ಅಡಿಕೆ, ಒಂದು ಹಸಿರು ಕುಬಸದ ಖಣ, ಒಂದು ತೆಂಗಿನಕಾಯಿ ಇಟ್ಟಳು. ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಕೊನೆಗೆ ಪೇಢೆಯ ಡಬ್ಬಿಯೊಂದನ್ನು ತುರುಕಿದಳು. ಪಶು ದವಾಖಾನೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದ ನನ್ನ ಗಂಡ ಮಾಣಿಕಪ್ಪ ಇದನ್ನೆಲ್ಲ ನೋಡುತ್ತ ನಿಂತಿದ್ದರು.

“ಅತ್ತಿ, ನಾವು ಐರ್ಲೆಂಡಿಗಿ ಹೊಂಟೇವೋ, ಯಾರದರೆ ಕುಬಸದ ಕಾರ್ಯಕ್ಕ ಹೊಂಟೇವೋ?” ಎಂದರು.

“ಹೆಣ್ಣಮಗಳ ಉಡಿ ತುಂಬ್ಲಾಕ ಹೊಂಟೀರಿ. ದಾರಿ ಜರಾ ದೂರ ಅದ, ಅಷ್ಟೇ,” ಎಂದಳು ಅವ್ವ.

ಉಡಿ ತುಂಬಿಸಿಕೊಳ್ಳಬೇಕಾದವಳು ನೋರಾಬಾಯಿ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಬೀದರದ ಕೋಟೆಗೋಡೆಯ ಹೊರಗಿದ್ದ ಸಣ್ಣದೊಂದು ಹೆರಿಗೆ ದವಾಖಾನೆಯಲ್ಲಿ ನರ್ಸ್ ಆಗಿದ್ದ ಐರಿಷ್ ಹೆಂಗಸು. ನಾನು ಆಕೆಯನ್ನು ನೋಡಿದವಳಲ್ಲ. ಆದರೆ ನಮ್ಮ ಮನೆಯಲ್ಲಿ ಆಕೆಯ ಹೆಸರು ಬಾರದ ಹಬ್ಬವಿಲ್ಲ.

ನನ್ನ ತಾಯಿಯ ತವರು ಔರಾದ್ ತಾಲ್ಲೂಕಿನ ಡಾಬಕಾ. ಕುರಿ ಸಾಕುವ ಮನೆತನ. ಪೊಲೀಸ್ ಆಕ್ಷನ್‌ಗೆ ಮುಂಚಿನ ಆ ಮಳೆಗಾಲದಲ್ಲಿ ರಜಾಕಾರರು ಊರಿಗೆ ನುಗ್ಗಿದಾಗ ಅಜ್ಜ ಕುರಿಗಳ ಜೊತೆ ಅಡವಿಯಲ್ಲಿದ್ದ. ಅಜ್ಜಿ ತುಂಬು ಬಸುರಿ. ಆಕೆಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ತನ್ನ ಸಣ್ಣ ಮಗಳ, ಎಂದರೆ ನನ್ನ ಅವ್ವನ, ಕೈ ಹಿಡಿದುಕೊಂಡು ಎದೆಮಟ್ಟದ ಜೋಳದ ಹೊಲಗಳಲ್ಲಿ ನುಸುಳುತ್ತ ಭಾಲ್ಕಿ ಮುಟ್ಟಿದಳು. ಅಲ್ಲಿ ಪರಿಚಯದ ಗಾಡಿಯವನೊಬ್ಬ ಇಬ್ಬರನ್ನೂ ಮೇವಿನ ಕೆಳಗೆ ಮಲಗಿಸಿ ಬೀದರಕ್ಕೆ ತಂದ. ದವಾಖಾನೆಯ ಮುಂದೆ ಇಳಿಸುವಷ್ಟರಲ್ಲಿ ಹೆರಿಗೆ ಬ್ಯಾನಿ ಶುರುವಾಗಿತ್ತು.

ಹೆರಿಗೆಯಾಗುವ ಮೊದಲೇ ಬಂದೂಕು ಹಿಡಿದವರು ಬಾಗಿಲಿಗೆ ಬಂದರು. ನೋರಾಬಾಯಿ ಹೊಸ್ತಿಲ ಮೇಲೆ ನಿಂತು ತನ್ನ ಹರಕುಮುರುಕು ಉರ್ದುವಿನಲ್ಲಿ, ಇದು ಹೆರಿಗೆಮನೆ, ಗಂಡಸರಿಗೆ ಒಳಗೆ ಬರಲು ಅಪ್ಪಣೆಯಿಲ್ಲ ಎಂದಳಂತೆ. ಅವರು ಬೈದು ಹೋದರು. ನನ್ನ ಸೋದರಮಾವ ಹುಟ್ಟಿದ. ಕೆಲವೇ ದಿನಗಳಲ್ಲಿ ಹಿಂದುಸ್ತಾನದ ಫೌಜು ಬಂತು, ಊರಿನ ಗಾಳಿ ತಿರುಗಿತು. ಈಗ ಬಾಗಿಲಿಗೆ ಬಂದವರು ಬೇರೆ ಜನ. ಕೈಯಲ್ಲಿ ಕೊಡಲಿ ಇತ್ತು. ಆಯಿಯ ಪಕ್ಕದ ಮಂಚದಲ್ಲಿ ರಹೀಮಾಬೀ ಎಂಬ ಬಾಣಂತಿ ಮಲಗಿದ್ದಳು, ಅವರು ಹುಡುಕುತ್ತಿದ್ದದ್ದು ಅಂಥವರನ್ನೇ. ನೋರಾಬಾಯಿ ಅದೇ ಹೊಸ್ತಿಲ ಮೇಲೆ ನಿಂತು ಅದೇ ಮಾತು ಹೇಳಿದಳು. ಒಳಗೆ ಆಯಿ ತನ್ನ ಕಂಬಳಿಯನ್ನು ರಹೀಮಾಬೀಗೆ ಹೊದಿಸಿ, ಆಕೆಯ ಹಣೆಗೆ ಕುಂಕುಮ ಹಚ್ಚಿ, ಯಾರಾದರೂ ಕೇಳಿದರೆ ‘ನನ್ನ ತಂಗಿ’ ಎನ್ನಲು ತಯಾರಾಗಿ ಕೂತಿದ್ದಳು. ಕೇಳುವವರೆಗೆ ಬರಲಿಲ್ಲ. ಬಾಗಿಲಿನಿಂದಲೇ ತಿರುಗಿ ಹೋದರು.

ಎಲ್ಲ ತಣ್ಣಗಾದ ಮೇಲೆ ಆಯಿ ಊರಿನಿಂದ ಉಡಿಯ ಸಾಮಾನು ಕಟ್ಟಿಕೊಂಡು, ಕೂಸು ಮತ್ತು ಮಗಳ ಸಮೇತ ಬೀದರಕ್ಕೆ ಬಂದಳು. ಬಂದು ನೋಡಿದರೆ ನೋರಾಬಾಯಿ ಇಲ್ಲ. ತಾಯಿಗೆ ಕಾಯಿಲೆಯೆಂದು ತನ್ನ ದೇಶಕ್ಕೆ ಹೊರಟುಹೋಗಿದ್ದಳು. ಆಯಿ ಕಟ್ಟಿದ ಗಂಟನ್ನು ಬಿಚ್ಚದೆ ಹಾಗೇ ವಾಪಸು ಹೊತ್ತುಕೊಂಡು ಬಂದಳು. ಸಾಯುವವರೆಗೂ ಅವಳದು ಒಂದೇ ಕೊರಗು: ‘ಮನಿ ಮಗಳು ಬರೀ ಉಡಿಲೆ ಹೋದಳು.’ ಆಯಿಯ ನಂತರ ಆ ಕೊರಗನ್ನು ಅವ್ವ ಹಿಡಿದಳು. ಅವ್ವನಿಗೆ ಈಗ ಎಂಬತ್ತು ದಾಟಿದೆ. ಮೊಣಕಾಲು ವಿಮಾನ ಹತ್ತುವಂತಿಲ್ಲ. ಕಳೆದ ವರ್ಷ ಕಾಯಿಲೆ ಬಿದ್ದು ಎದ್ದವಳೇ ನನ್ನ ಕೈ ಹಿಡಿದು, “ಪಾರೂ, ಆಕಿ ಇರಲಿಕ್ಕಿಲ್ಲ. ಆಕಿ ಮನ್ಯಾಗಿನ ಹೆಣ್ಣಮಕ್ಕಳು ಇರ್ತಾರ. ಅವರ ಉಡಿಯರೆ ತುಂಬಿ ಬಾ. ನಾ ಹೋಗಿ ನಮ್ಮವ್ವಗ ಏನ್ ಹೇಳ್ಲಿ?” ಎಂದಳು. ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿದ ನಾನು, ಸಾಲೆಯ ನಕ್ಷೆಯಲ್ಲಿ ಬೊಟ್ಟಿನಷ್ಟು ಕಾಣುವ ಆ ದೇಶಕ್ಕೆ ಹೊರಟದ್ದು ಹೀಗೆ.

ಡಬ್ಲಿನ್

ವಿಮಾನ ನಿಲ್ದಾಣದಲ್ಲಿ ಕೆಂಪು ಗಡ್ಡದ ಅಧಿಕಾರಿಯೊಬ್ಬ ನಮ್ಮ ಪೆಟ್ಟಿಗೆ ಬಿಚ್ಚಿಸಿದ. ಹಾಲಿನ ಪದಾರ್ಥ ತರುವಂತಿಲ್ಲ, ಪೇಢೆ ಹೋಯಿತು. ಹಸಿ ಎಲೆ ತರುವಂತಿಲ್ಲ, ವೀಳ್ಯದೆಲೆಯೂ ಹೋಯಿತು. ತೆಂಗಿನಕಾಯನ್ನು ಅಲ್ಲಾಡಿಸಿ ಕಿವಿಗೆ ಹಿಡಿದು ನೋಡಿ ವಾಪಸು ಕೊಟ್ಟ. ಪ್ರತಿಯೊಂದನ್ನು ಎತ್ತಿ ಪಕ್ಕಕ್ಕಿಡುವಾಗಲೂ ಕ್ಷಮಿಸಿ ಕ್ಷಮಿಸಿ ಎನ್ನುತ್ತಿದ್ದ, ಅವನ ಮನೆಯ ಮದುವೆಗೆ ನಾವು ತಂದ ಮುಯ್ಯಿಯನ್ನು ನಿರಾಕರಿಸುತ್ತಿರುವ ಹಾಗೆ.

“ಪೇಢಾ ಇಲ್ಲೇ ನಿಂತು ತಿಂದ್ರ ನಡೀತದೇನು ಕೇಳು,” ಎಂದರು ಮಾಣಿಕಪ್ಪ. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅದಕ್ಕೂ ಆಗುವುದಿಲ್ಲ ಎಂದ, ಆದರೆ ನಗುತ್ತ ಎಂದ. ಬೀದರದ ಯಾವ ಕಚೇರಿಯಲ್ಲೂ ನನಗೆ ಇಷ್ಟು ಸಮಾಧಾನದಲ್ಲಿ ‘ಇಲ್ಲ’ ಅನ್ನಿಸಿಕೊಂಡ ನೆನಪಿಲ್ಲ.

ಮರುದಿನ ಬಸ್ಸು ಹತ್ತಿದೆವು. ಆ ದೇಶದಲ್ಲಿ ನಾನು ಮೊದಲು ಕಲಿತ ಪದ್ಧತಿ ಬಸ್ಸಿನದು. ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಮುದುಕರು, ಸಾಲೆಯ ಹುಡುಗರು, ಕಿವಿಗೆ ಯಂತ್ರ ಹಚ್ಚಿಕೊಂಡು ತಮ್ಮಷ್ಟಕ್ಕೆ ತಾವು ಕುಣಿಯುತ್ತಿರುವವರು, ಎಲ್ಲರೂ. ಮಾಣಿಕಪ್ಪನವರಿಗೆ ಇದು ಬಹಳ ವಿಚಿತ್ರವೆನಿಸಿತು.

“ಭಾಲ್ಕಿ ಬಸ್ಸಿನ್ಯಾಗ ಹಿಂಗ ಅಂದ್ರ ಕಂಡಕ್ಟರ್ ಏನ್ ತಿಳಕೋತಾನ? ಚಿಲ್ಲರ ಕೇಳ್ಲಾಕ ಬಂದಾನ ಅಂತಾನ,” ಎಂದರು. ಆದರೆ ಇಳಿಯುವಾಗ ಅವರ ಥ್ಯಾಂಕ್ಸೇ ಎಲ್ಲರಿಗಿಂತ ದೊಡ್ಡದಾಗಿ ಕೇಳಿಸಿತು. ಡ್ರೈವರ್ ಬೆಚ್ಚಿಬಿದ್ದ.

ಮೊದಲನೆಯ ಕಿಲ್‌ಮೋರ್

ನೋರಾಬಾಯಿಯ ಬಗ್ಗೆ ಅವ್ವನಿಗೆ ನೆನಪಿದ್ದದ್ದು ಮೂರೇ ಸಂಗತಿ. ಆಕೆಯ ಹೆಸರು ನೋರಾ. ಆಕೆಯ ಊರು ಕಿಲ್‌ಮೋರ್, ಸಮುದ್ರದ ದಂಡೆಗಿದೆ. ಮೂರನೆಯದು, ಆ ಊರಿನಲ್ಲಿ ಕುರಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಮೇಯಿಸಲು ನಡುಗಡ್ಡೆಗೆ ಒಯ್ಯುತ್ತಾರೆ. ಕುರಿಯವರ ಹುಡುಗಿಗೆ ನೋರಾಬಾಯಿ ಹೇಳಿದ ಕಥೆಗಳಲ್ಲಿ ಕೊನೆಯದೊಂದೇ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತ್ತು. ಡಾಬಕಾದಲ್ಲಿ ಯಾರಿಗೆ ಹೇಳಿದರೂ ನಂಬಿರಲಿಲ್ಲ. ನಾನೂ ನಂಬಿರಲಿಲ್ಲ. ಹಾಗಾಗಿ ಮೊದಲಿನ ಎರಡು ಸಂಗತಿ ಹಿಡಿದುಕೊಂಡು, ದಕ್ಷಿಣದ ಕಡಲತಡಿಯಲ್ಲಿ ನಕ್ಷೆಯಲ್ಲಿ ದೊಡ್ಡದಾಗಿ ಕಂಡ ಕಿಲ್‌ಮೋರಿಗೆ ಬಂದಿಳಿದೆ.

ಊರು ಚೆಂದವಿತ್ತು. ಹುಲ್ಲು ಹೊದಿಸಿದ ಬಿಳಿ ಮನೆಗಳು, ಮೀನುದೋಣಿಗಳು. ಮಳೆ ಮಾತ್ರ ನಮ್ಮ ಮಳೆಯ ಹಾಗೆ ಸುರಿದು ಮುಗಿಸುವ ಮಳೆಯಲ್ಲ. ಬೆಳಗಿನಿಂದ ಸಂಜೆಯವರೆಗೆ ಯಾರೋ ಒದ್ದೆ ಸೀರೆ ಝಾಡಿಸುತ್ತಿದ್ದಾರೆ ಎನ್ನಬೇಕು. ಅದನ್ನು ಅಲ್ಲಿನವರು ‘ಮೆತ್ತನೆಯ ದಿನ’ ಎಂದು ಕರೆಯುತ್ತಾರೆ.

ಹತ್ತಿರದ ಪೇಟೆಯಲ್ಲಿ ಪೂರ್ವಿಕರನ್ನು ಹುಡುಕಿಕೊಡುವ ಒಂದು ಕೇಂದ್ರವಿತ್ತು. ಹಿಂದೆ ಹಸಿವೆಯಿಂದ ದೇಶ ಬಿಟ್ಟುಹೋದವರ ಮೊಮ್ಮಕ್ಕಳು ಅಮೆರಿಕ, ಆಸ್ಟ್ರೇಲಿಯಾದಿಂದ ಬಂದು ಅಲ್ಲಿ ತಮ್ಮ ಬೇರು ಕೇಳುತ್ತಾರೆ. ನಮ್ಮ ಮುಂದಿದ್ದ ದಂಪತಿ ಮುತ್ತಜ್ಜನ ಹೊಲ ಸಿಕ್ಕಿತೆಂದು ಅಳುತ್ತ ಹೊರಗೆ ಹೋದರು. ಆಮೇಲೆ ನಮ್ಮ ಸರದಿ. ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡಿದ್ದ ನನ್ನನ್ನು ನೋಡಿ ಮೇಜಿನ ಹಿಂದಿದ್ದ ಮೇರಿಯನ್ ಎಂಬ ಹೆಂಗಸು ಒಂದು ಕ್ಷಣ ತಡೆದು, ಬಹಳ ಸಭ್ಯತೆಯಿಂದ, “ನಿಮ್ಮ ಅಜ್ಜಿಯ ಹೆಸರೇನು? ಯಾವ ಊರಿನವರು?” ಎಂದಳು.

“ನೀಲಮ್ಮ. ಡಾಬಕಾ,” ಎಂದೆ.

ಮೇರಿಯನ್ ಬರೆಯಲು ಎತ್ತಿದ ಪೆನ್ನನ್ನು ಕೆಳಗಿಟ್ಟಳು. ನಾನು ಕಥೆ ಹೇಳಿದೆ. ಕಥೆ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದಿದ್ದರು. ಕೊನೆಗೆ ಆಕೆ ನಿಟ್ಟುಸಿರು ಬಿಟ್ಟು ದೇಶದ ನಕ್ಷೆ ಹರಡಿ ಬೆರಳು ಇಡುತ್ತ ಹೋದಳು. ಇಲ್ಲೊಂದು ಕಿಲ್‌ಮೋರ್, ಅಲ್ಲೊಂದು ಕಿಲ್‌ಮೋರ್, ಬೆಟ್ಟದ ಹಿಂದೊಂದು, ಕೆರೆಯ ಆಚೆಗೊಂದು. ದೊಡ್ಡ ಚರ್ಚು ಇದ್ದಲ್ಲೆಲ್ಲ ಆ ಹೆಸರು ಇಟ್ಟಿದ್ದಾರಂತೆ. ನೋರಾ ಎಂಬ ಹೆಸರಿನವರಂತೂ ಆ ಕಾಲದಲ್ಲಿ ಮನೆಗೊಬ್ಬರು.

ನನಗೆ ನಗು ಬಂತು, ಅಳುವೂ ಬಂತು. ನಮ್ಮ ಜಿಲ್ಲೆಯಲ್ಲಿ ಹಳ್ಳಿಖೇಡ ‘ಬಿ’ ಒಂದು, ಹಳ್ಳಿಖೇಡ ‘ಕೆ’ ಇನ್ನೊಂದು. ದೊಡ್ಡದಾದ ಬುಜುರ್ಗ್ ಯಾವುದು, ಸಣ್ಣದಾದ ಖುರ್ದ್ ಯಾವುದು ತಿಳಿಯದೆ ಲಗ್ನಪತ್ರಿಕೆ ಹಿಡಿದು ತಪ್ಪು ಊರಿಗೆ ಹೋಗಿ ಊಟ ಮಾಡಿ ಬಂದವರನ್ನು ನಾನೇ ಬೈದಿದ್ದೇನೆ. ಈಗ ಏಳು ಸಮುದ್ರ ದಾಟಿ ನಾನೂ ಅದೇ ಕೆಲಸ ಮಾಡಿದ್ದೆ. ಉಳಿದಿದ್ದ ದಿನಗಳಲ್ಲಿ ಎಲ್ಲ ಕಿಲ್‌ಮೋರುಗಳನ್ನು ಸುತ್ತುವುದು ಸಾಧ್ಯವಿರಲಿಲ್ಲ. ಅವ್ವನಿಗೆ ಏನೆಂದು ಫೋನು ಮಾಡಲಿ ಎಂಬ ಚಿಂತೆ ಹತ್ತಿತು.

ಟಾಮನ ಕುರಿ ದೊಡ್ಡಿ

ನಾವು ಇಳಿದುಕೊಂಡದ್ದು ಟಾಮ್ ಎಂಬ ರೈತನ ಮನೆಯಲ್ಲಿ. ಬಾಡಿಗೆಗೆ ಕೋಣೆ ಕೊಡುತ್ತಿದ್ದ, ಹಿತ್ತಲಲ್ಲಿ ಕುರಿ ಸಾಕಿದ್ದ. ನಾನು ಕೋಣೆಯಲ್ಲಿ ಮುಖ ಇಳಿಸಿಕೊಂಡು ಕೂತಿದ್ದರೆ ಮಾಣಿಕಪ್ಪ ಕಾಣಲಿಲ್ಲ. ಕಿಟಕಿಯಿಂದ ನೋಡಿದೆ. ಬೇಲಿ ಹಾರಿ ಟಾಮನ ದೊಡ್ಡ ಟಗರಿನ ತಲೆಯನ್ನು ಕಂಕುಳಲ್ಲಿ ಅಮುಕಿ ಹಿಡಿದು, ಅದರ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು! ಟಾಮ್ ಕೈಯಲ್ಲಿ ಬಕೆಟ್ ಹಿಡಿದು ದೂರದಿಂದ ಓಡಿಬರುತ್ತಿದ್ದ. ಪರದೇಶದಲ್ಲಿ ಪರರ ಟಗರು ಹಿಡಿದ ಅಪರಾಧಕ್ಕೆ ಏನು ಶಿಕ್ಷೆಯೋ ಎಂದು ನಾನು ಚಪ್ಪಲಿ ಮೆಟ್ಟದೆ ಕೆಸರಿನಲ್ಲಿ ಓಡಿದೆ.

ನಾನು ಮುಟ್ಟುವಷ್ಟರಲ್ಲಿ ಇಬ್ಬರೂ ಟಗರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮಾಣಿಕಪ್ಪ ನಾಲ್ಕು ಬೆರಳು ತೋರಿಸಿ ವಯಸ್ಸು ಹೇಳಿದರು. ಟಾಮ್ ಹೌದೆಂದು ತಲೆಯಾಡಿಸಿದ. ಟಾಮ್ ಗೊರಸು ಎತ್ತಿ ತೋರಿಸಿದ. ಮಾಣಿಕಪ್ಪ ‘ಚ್ ಚ್’ ಎಂದು ಒಣಗಿಸಿಡಬೇಕೆಂದು ಕೈಸನ್ನೆ ಮಾಡಿದರು. ಅದು ಅವನಿಗೂ ಗೊತ್ತಿತ್ತು, ಆಕಾಶದ ಕಡೆ ಕೈ ತೋರಿಸಿ ನಕ್ಕ, ಈ ಮಳೆಯಲ್ಲಿ ಹೇಗೆ ಒಣಗಿಸಲಿ ಎಂಬಂತೆ. ನನ್ನ ಗಂಡನಿಗೆ ಇಂಗ್ಲಿಷ್ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ನಾನು ಬಂದದ್ದೇ ಇಬ್ಬರಿಗೂ ಅಡ್ಡಿಯಾದಂತಿತ್ತು.

“ಏ, ಅತ್ತಿ ಅಂತಿದ್ದರಲ್ಲ, ದೋಣ್ಯಾಗಿನ ಕುರಿ. ಅದನ್ನ ಕೇಳು ಇವನಿಗಿ,” ಎಂದರು ಮಾಣಿಕಪ್ಪ.

“ಸುಮ್ಮನಿರ್ರಿ. ಅದು ಸಣ್ಣ ಹುಡುಗಿಗಿ ಹೇಳಿದ ಕಥಿ.”

“ಕುರಿಯವರ ಮಕ್ಕಳಿಗಿ ಕುರಿ ಬಗ್ಗಿ ಸುಳ್ಳು ಹೇಳಿದ್ರ ನಡೀತದೇನು? ಕೇಳು.”

ಕೇಳಿದೆ. ಟಾಮ್ ಒಂದಿಷ್ಟೂ ಆಶ್ಚರ್ಯಪಡಲಿಲ್ಲ. ನಮ್ಮ ಕಡೆ ಹಾಗೆ ಮಾಡುವುದಿಲ್ಲ, ಅದು ಪಶ್ಚಿಮದವರ ಪದ್ಧತಿ, ಮೇಯೋ ಸೀಮೆಯ ಕಡಲಿನಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳಿವೆ, ಬೇಸಿಗೆಯಲ್ಲಿ ಕುರಿಗಳ ಕಾಲು ಕಟ್ಟಿ ದೋಣಿಯಲ್ಲಿ ಮಲಗಿಸಿಕೊಂಡು ಹೋಗುತ್ತಾರೆ ಎಂದ. ಅವನ ಹೆಂಡತಿ ಅದೇ ಸೀಮೆಯವಳು. ಆಕೆ ಫೋನೆತ್ತಿದಳು. ಆಕೆಯ ಅಕ್ಕ, ಅಕ್ಕನ ಬೀಗಿತ್ತಿ, ಬೀಗಿತ್ತಿಯ ಊರಿನ ಅಂಗಡಿಯವ. ಯಾರಿಗೆ ಫೋನು ಮಾಡಿದರೂ ಮೊದಲು ಮಳೆಯ ಮಾತು, ಆಮೇಲೆ ಯಾರು ಸತ್ತರು ಎಂಬ ಮಾತು, ಕೊನೆಗೆ ನಮ್ಮ ವಿಷಯ. ಅದು ಕಮಠಾಣದ ನನ್ನ ನಾದಿನಿಯ ಫೋನಿನ ಹಾಗೆಯೇ ಇತ್ತು. ಚಹಾದ ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಆಕೆ ಫೋನಿನ ಬಾಯಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದಳು. ಇಂಡಿಯಾದಲ್ಲಿದ್ದು ಬಂದ ಸೂಲಗಿತ್ತಿ ನೋರಾ ಎಂಬವಳು ಅಲ್ಲಿಯ ಕಿಲ್‌ಮೋರಿನಲ್ಲಿದ್ದಳಂತೆ. ತೀರಿಕೊಂಡು ಬಹಳ ವರ್ಷವಾಯಿತು. ಆಕೆಯ ಸಹೋದರನ ಮಗಳು ಕ್ಯಾಥ್ಲೀನ್ ಅದೇ ಮನೆಯಲ್ಲಿದ್ದಾಳೆ.

ನಾನು ಟಾಮನ ಹೆಂಡತಿಯನ್ನು ಅಪ್ಪಿಕೊಂಡುಬಿಟ್ಟೆ. ಮಾಣಿಕಪ್ಪ ಟಗರಿಗೆ ಹೋಗಿ ಕೈ ಮುಗಿದು ಬಂದರು.

ಪಶ್ಚಿಮದ ಕಿಲ್‌ಮೋರ್

ಇದು ಊರೆನ್ನುವುದಕ್ಕಿಂತ ಗುಡ್ಡದ ಮೈಮೇಲೆ ಚೆಲ್ಲಿದ ಕೆಲವು ಮನೆ. ಕೆಳಗೆ ಸಮುದ್ರ, ಅದರಲ್ಲಿ ಒಂದು ಹಸಿರು ನಡುಗಡ್ಡೆ, ಅದರ ಮೇಲೆ ಬಿಳಿ ಚುಕ್ಕೆಗಳು. “ಕುರಿ!” ಎಂದರು ಮಾಣಿಕಪ್ಪ. ಅವ್ವನಿಗೆ ತೋರಿಸಲು ಫೋಟೋ ತೆಗೆದರೆ ಬರೀ ಮಂಜು ಬಂತು.

ದಾರಿಯಲ್ಲಿ ಎದುರಾದ ಪ್ರತಿಯೊಬ್ಬ ಡ್ರೈವರನೂ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಿದ್ದ. ಮನೆ ಕೇಳಿದವರೆಲ್ಲ, ನೀವು ಯಾರ ಪೈಕಿ ಎಂದೇ ವಿಚಾರಿಸುತ್ತಿದ್ದರು. ಪರದೇಶಕ್ಕೆ ಬಂದೆ ಎಂಬ ಭಯ ನನಗೆ ಅಲ್ಲಿ ಹೋಯಿತು. ಔರಾದ್ ಕಡೆ ಹಳ್ಳಿಯ ಕಟ್ಟೆಯ ಮುಂದೆ ಹೊಸಬರು ಹಾದರೆ ಕೇಳುವ ಪ್ರಶ್ನೆಯೂ ಅದೇ ಅಲ್ಲವೇ?

ಕ್ಯಾಥ್ಲೀನ್ ಬಾಗಿಲಲ್ಲೇ ಕಾಯುತ್ತಿದ್ದಳು. ಎಪ್ಪತ್ತರ ಆಸುಪಾಸಿನ, ಬೆಳ್ಳಿಕೂದಲಿನ, ಗಟ್ಟಿ ಕೈಗಳ ಹೆಂಗಸು. ಒಳಗೆ ಒಲೆ ಉರಿಯುತ್ತಿತ್ತು. ಹಾಲು ಹಾಕಿ ಕುದಿಸಿದಷ್ಟೇ ಗಟ್ಟಿಯಾದ ಚಹಾ ಕೊಟ್ಟಳು, ಗೋಧಿಯ ಒರಟು ಬ್ರೆಡ್ಡಿಗೆ ಬೆಣ್ಣೆ ಬಳಿದು ಕೊಟ್ಟಳು, ಬೇಡವೆಂದರೂ ಮತ್ತೆ ಬಳಿದಳು. ನಾನು ಬಾಗಿಲಿನ ಕಥೆಯನ್ನು ಮೊದಲಿನಿಂದ ಹೇಳಿದೆ.

“ಇದು ಯಾವುದೂ ನಮಗೆ ಗೊತ್ತಿಲ್ಲ,” ಎಂದಳು ಕ್ಯಾಥ್ಲೀನ್ ಕೊನೆಗೆ. “ನೋರಾ ಅತ್ತೆ ಅಲ್ಲಿನ ಬಿಸಿಲಿನ ಬಗ್ಗೆ ಹೇಳುತ್ತಿದ್ದಳು, ಮಾವಿನಹಣ್ಣಿನ ಬಗ್ಗೆ ಹೇಳುತ್ತಿದ್ದಳು. ಇದನ್ನು ಹೇಳಲಿಲ್ಲ. ಆದರೆ ಬಾಗಿಲಲ್ಲಿ ನಿಲ್ಲುವುದನ್ನು ಅವಳು ಎಲ್ಲಿ ಕಲಿತಳೆಂದು ನನಗೆ ಗೊತ್ತು.”

ನಾವು ಕೂತಿದ್ದ ಅದೇ ಕೋಣೆಯ ಬಾಗಿಲನ್ನು ತೋರಿಸಿದಳು. ನೋರಾ ಸಣ್ಣವಳಿದ್ದಾಗ ಐರ್ಲೆಂಡಿನಲ್ಲಿ ಸ್ವಾತಂತ್ರ್ಯದ ಹೋರಾಟ ನಡೆದಿತ್ತು. ಬ್ರಿಟಿಷ್ ಸರಕಾರದ ಬಂದೂಕಿನವರು ಆಕೆಯ ಅಣ್ಣನನ್ನು ಹುಡುಕಿಕೊಂಡು ಬಂದಾಗ ಆಕೆಯ ತಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಸಣ್ಣ ಹುಡುಗಿ ತಾಯಿಯ ಲಂಗದ ಹಿಂದೆ ನಿಂತು ನೋಡಿದ್ದಳು. ಆ ತಾಯಿಯ ಕಾಯಿಲೆಗೇ ಆಕೆ ಬೀದರ ಬಿಟ್ಟು ಬಂದದ್ದು. ಆಮೇಲೆ ತಾಯಿಯನ್ನು ನೋಡಿಕೊಳ್ಳುತ್ತ, ಸೈಕಲ್ ಮೇಲೆ ಊರೂರು ತಿರುಗಿ ಹೆರಿಗೆ ಮಾಡಿಸುತ್ತ ಇಲ್ಲೇ ಉಳಿದಳು. ಮದುವೆಯಾಗಲಿಲ್ಲ.

“ಈ ಊರಿನ ಒಂದೊಂದು ಮನೆಗೂ ಹೊರದೇ‌ಶದಿಂದ ಯಾರಾದರೂ ಬೇರು ಹುಡುಕಿಕೊಂಡು ಬರುತ್ತಾರೆ,” ಎಂದಳು ಕ್ಯಾಥ್ಲೀನ್. “ಅತ್ತೆಗೆ ಮಕ್ಕಳಿಲ್ಲ. ಅವಳನ್ನು ಹುಡುಕಿಕೊಂಡು ಯಾರು ಬಂದಾರು ಅಂದುಕೊಂಡಿದ್ದೆವು.”

ಮೂವರೂ ಗುಡ್ಡ ಹತ್ತಿ ನೋರಾಬಾಯಿಯ ಸಮಾಧಿಗೆ ಹೋದೆವು. ಗೇಟಿನಲ್ಲಿ ಮಾಣಿಕಪ್ಪ ಬೂಟು, ಕಾಲುಚೀಲ ಎರಡನ್ನೂ ಕಳಚಿ ಒದ್ದೆ ಹುಲ್ಲಿನ ಮೇಲೆ ನಡೆದರು. ನಾನು ಹಣೆಯನ್ನು ಕಲ್ಲಿಗೆ ಹಚ್ಚಿದೆ. ಕಲ್ಲು ಮಂಜಿನಂತೆ ತಣ್ಣಗಿತ್ತು. ನಮ್ಮ ಸೋದರಮಾವ ಇವತ್ತಿಗೂ ಡಾಬಕಾದ ಗುಡ್ಡದಲ್ಲಿ ಕುರಿ ಹಿಂದೆ ಓಡಾಡುತ್ತಾನೆ, ಅವ್ವ ಇದ್ದಾಳೆ, ನಾನು ಇದ್ದೇನೆ, ಇದೆಲ್ಲ ನಿನ್ನಿಂದ ಎಂದು ಕನ್ನಡದಲ್ಲೇ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಕ್ಯಾಥ್ಲೀನಳ ಅಡುಗೆಮನೆ

ವಾಪಸು ಬಂದ ಮೇಲೆ ಉಡಿಯ ಗಂಟನ್ನು ಹೊರತೆಗೆಯಲು ಹೋದವಳು ನಿಂತೆ. ಬಾಗಿಲ ಹಿಂದಿನ ಗೂಟಕ್ಕೆ ಗಂಡಸಿನ ಟೊಪ್ಪಿಗೆ ನೇತಾಡುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಗಂಡ ತೀರಿಕೊಂಡನೆಂದು ಕ್ಯಾಥ್ಲೀನ್ ಸಮಾಧಿಯ ದಾರಿಯಲ್ಲಿ ಹೇಳಿದ್ದಳು. ಆಕೆಯ ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿರಲಿಲ್ಲ. ನಮ್ಮಲ್ಲಿ ಉಡಿ ತುಂಬುವುದು ಮುತ್ತೈದೆಯರಿಗೆ. ನಾನು ಸಾಲೆಯಲ್ಲಿ ಮಕ್ಕಳಿಗೆ ಇಂಥ ಪದ್ಧತಿಗಳನ್ನು ಜರೆದು ಪಾಠ ಮಾಡಿದವಳೇ. ಆದರೆ ಇದು ಅವ್ವನ ಹರಕೆ. ಅಪ್ಪ ಹೋದ ದಿನದಿಂದ ಅವ್ವ ತಾನೇ ಒಬ್ಬರ ಉಡಿಗೂ ಕೈ ಹಚ್ಚಿರಲಿಲ್ಲ. ಅಕ್ಕಿ ಆರಿಸಿಕೊಟ್ಟದ್ದೇ ಅವಳ ಮಟ್ಟಿಗೆ ದೊಡ್ಡದು. ನಾನು ಕೇಳದೆ ತುಂಬಿ ಬಂದರೆ, ಅದು ಲೆಕ್ಕಕ್ಕೆ ಬರಲಿಲ್ಲವೆಂದು ಅವಳಿಗೆ ಅನ್ನಿಸಿಬಿಟ್ಟರೆ?

“ಅತ್ತಿಗಿ ಫೋನ್ ಹಚ್ಚು. ಅವರ ಮಾತೇ ಕಡೀ ಮಾತು,” ಎಂದರು ಮಾಣಿಕಪ್ಪ.

ಹಚ್ಚಿದೆ. ಪರದೆಯ ಮೇಲೆ ಅವ್ವನ ಅರ್ಧ ಹಣೆ ಮಾತ್ರ ಕಾಣಿಸಿತು. ಅವಳು ಯಾವಾಗಲೂ ಫೋನನ್ನು ಹಾಗೆಯೇ ಹಿಡಿಯುತ್ತಾಳೆ. ಎಲ್ಲ ಹೇಳಿದೆ.

“ಅಲ್ಲವ್ವ ಪಾರೂ,” ಎಂದಳು, “ಆಕಿ ಬಾಗಲ್ದಾಗ ನಿಂತಾಗ ನಮ್ಮ ಹಣಿ ನೋಡಿ ಒಳಗ ಕರಕೊಂಡಳೇನ? ರಹೀಮಾಬೀ ಹಣಿ ನೋಡಿದಳೇನ? ಮತ್ತ ನೀ ಯಾಕ ನೋಡ್ತಿ? ತುಂಬು. ನನ್ನ ಕೈಲಿಂದ ತುಂಬ್ತೀನಿ ಅಂತ ಹೇಳಿ ತುಂಬು.”

ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಗಂಟನ್ನು ಮೇಜಿನ ಮೇಲೆ ಬಿಚ್ಚಿದೆ. ಇನ್ನು ಈಕೆಗೆ ಇದೇನೆಂದು ಹೇಗೆ ತಿಳಿಸಿ ಹೇಳುವುದೆಂದು ಇಂಗ್ಲಿಷ್ ಪದ ಹುಡುಕುತ್ತಿದ್ದೆ. ತಲೆಯೆತ್ತಿದರೆ ಕ್ಯಾಥ್ಲೀನ್ ಬಾಯಿಯ ಮೇಲೆ ಕೈ ಇಟ್ಟುಕೊಂಡು ಅಕ್ಕಿಯನ್ನೇ ನೋಡುತ್ತಿದ್ದಳು. ಎದ್ದಳು. ಗೂಟದಿಂದ ಅಡುಗೆಯ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಕುರ್ಚಿಯನ್ನು ಎಳೆದು ಕಿಟಕಿಯ ಕಡೆಗೆ ತಿರುಗಿಸಿದಳು.

“ಬೆಳಗಿನ ಕಿಟಕಿಯ ಕಡೆ ಮುಖ ಮಾಡಬೇಕಲ್ಲವೇ?” ಎಂದಳು.

ಅದು ಪೂರ್ವದ ಕಿಟಕಿ, ನಮ್ಮಲ್ಲೂ ಉಡಿ ತುಂಬಿಸಿಕೊಳ್ಳುವವರು ಕೂರುವುದು ಪೂರ್ವಕ್ಕೇ ಮುಖ ಮಾಡಿ. ನನ್ನ ಕೈ ಅಕ್ಕಿಯೊಳಗೆ ಹಾಗೇ ನಿಂತಿತು.

“ಎಲೆ ಎಲ್ಲಿ? ಅತ್ತೆ ಎಲೆ ಇಡುತ್ತಿದ್ದಳು,” ಎನ್ನುತ್ತ ಮತ್ತೆ ಎದ್ದು, ಹಿತ್ತಲ ಗೋಡೆಗೆ ಹಬ್ಬಿದ್ದ ಬಳ್ಳಿಯಿಂದ ಎರಡು ಎಲೆ ಕಿತ್ತು ತಂದು ಕೂತಳು. ಕೂತವಳು ಏಪ್ರನ್ನಿನ ಎರಡೂ ಅಂಚು ಹಿಡಿದು ಮಡಿಲು ಒಡ್ಡಿದಳು, ನಮ್ಮ ಹೆಣ್ಣುಮಕ್ಕಳು ಸೆರಗು ಒಡ್ಡುವಂತೆಯೇ.

ನಾನು ತುಂಬಿದೆ. ಅಕ್ಕಿ, ಅರಿಶಿನ, ಉತ್ತತ್ತಿ, ಅಡಿಕೆ, ಖಣ. ತೆಂಗಿನಕಾಯಿ ಇಟ್ಟಾಗ ಆಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ನೋಡಿ, ಜೋರಾಗಿ ನಗುತ್ತ ಅಳತೊಡಗಿದಳು.

“ಹಾಗಾದರೆ ಇದು! ಅತ್ತೆ ನಮಗೆ ಆಲೂಗಡ್ಡೆ ಇಡುತ್ತಿದ್ದಳು!”

ಆಮೇಲೆ ಹೇಳಿದಳು. ಈ ಮನೆಯಿಂದ ಯಾವ ಹುಡುಗಿ ಹೊರಟರೂ, ಮದುವೆಯಾಗಿ ಹೋಗಲಿ, ನೌಕರಿಗೆಂದು ಇಂಗ್ಲೆಂಡಿಗೆ ಹೋಗಲಿ, ನೋರಾ ಆಕೆಯನ್ನು ಈ ಕಿಟಕಿಯ ಮುಂದೆ ಕೂರಿಸಿ ಏಪ್ರನ್ನಿಗೆ ಅಕ್ಕಿ, ಎಲೆ, ಕರವಸ್ತ್ರ, ಒಂದು ದೊಡ್ಡ ಆಲೂಗಡ್ಡೆ ಹಾಕದೆ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಹೀಗೆಯೇ ಮಾಡಬೇಕು ಎನ್ನುತ್ತಿದ್ದಳಂತೆ. ಮನೆಯವರೆಲ್ಲ ಅದನ್ನು ನೋರಾಳ ಹುಚ್ಚು ಎಂದು ನಗುತ್ತಿದ್ದರು. ಬೇಡ ಎನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಬೀದರದ ದವಾಖಾನೆಯಿಂದ ಬಾಣಂತಿಯರು ಕೂಸು ಎತ್ತಿಕೊಂಡು ಹೊರಡುವಾಗ ಅವರವರ ತಾಯಂದಿರು ಉಡಿ ತುಂಬುವುದನ್ನು ಆಕೆ ಎಷ್ಟು ಸಲ ನೋಡಿದ್ದಳೋ.

ಆಗ ಕ್ಯಾಥ್ಲೀನ್ ನಾನು ಹೇಳದ, ಹೇಳಬೇಕೆಂದು ನನಗೂ ಆ ಗಡಿಬಿಡಿಯಲ್ಲಿ ಹೊಳೆಯದ ಕೆಲಸವೊಂದನ್ನು ಮಾಡಿದಳು. ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ನನ್ನ ಬಿಳಿ ಅರಿವೆಯ ಮೇಲೆ ವಾಪಸು ಹಾಕಿದಳು.

“ಇದು ಬಿಟ್ಟುಹೋಗುವ ಮನೆಗೆ,” ಎಂದಳು. “ಅದು ಬರಿದಾಗಬಾರದಂತೆ.”

ಡಬ್ಬಿಗೆ ಆನಿಸಿದ್ದ ಫೋನಿನಿಂದ ಅವ್ವನ ದನಿ ಬಂತು. “ಏನಾಯ್ತು ಪಾರೂ? ಯಾಕ ಎಲ್ಲಾರು ಸುಮ್ಮನಾದ್ರಿ?”

ನಾನು ಫೋನನ್ನು ಎತ್ತಿ ಎಲ್ಲವನ್ನೂ ಹೇಳಿದೆ. ಕಿಟಕಿ ಹೇಳಿದೆ, ಎಲೆ ಹೇಳಿದೆ, ಆಲೂಗಡ್ಡೆ ಹೇಳಿದೆ.

“ತಿರುಗಿ ಹಿಡಿ ಹಾಕಿದಳೇನ?”

“ಹಾಕಿದಳವ್ವ. ನಾ ಹೇಳಲಾರದೇ ಹಾಕಿದಳು. ನೋರಾಬಾಯಿ ಕಲಿಸ್ಯಾಳ.”

ಅವ್ವ ಅಳುವುದನ್ನು ನಾನು ಅಪ್ಪ ಹೋದ ದಿನವೂ ನೋಡಿರಲಿಲ್ಲ. ಈಗ ಫೋನಿನಲ್ಲಿ ಆ ಅರ್ಧ ಹಣೆ ಅಲುಗುತ್ತಿತ್ತು. “ಹಂಗಾದ್ರ ಆಕಿ ಬರೀ ಉಡಿಲೆ ಹೋಗಿಲ್ಲವ್ವ,” ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ಅವಳ ಯಾವತ್ತಿನ ಯಜಮಾನಿಕೆಯ ದನಿ ಬಂತು. “ಈಕಿಗಿ ಹೇಳು, ಪಂಚಮಿಗಿ ತವರಮನಿಗಿ ಬರಬೇಕಂತ ಹೇಳು. ಕರೀಲಾಕ ನಮ್ಮ ಮನಿ ಗಂಡಸರು ಬರ್ತಾರಂತ ಹೇಳು.”

“ಮತ್ತ ನಾನೇ ಬರಬೇಕೇನು ಇಷ್ಟು ದೂರ?” ಎಂದರು ಮಾಣಿಕಪ್ಪ ಕಣ್ಣೊರೆಸಿಕೊಳ್ಳುತ್ತ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮಲ್ಲಿ ಒಂದು ಹಬ್ಬವಿದೆ, ಆಗ ಹೆಣ್ಣುಮಕ್ಕಳನ್ನು ತವರಿನವರು ಹೋಗಿ ಕರೆತರುತ್ತಾರೆ, ನಿನ್ನನ್ನು ಕರೆಯುತ್ತಿದ್ದಾರೆ ಎಂದೆ. ಕ್ಯಾಥ್ಲೀನ್ ತುಂಬಿದ ಏಪ್ರನ್ನನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡೇ ಎದ್ದು, ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತು, ಆ ಹಬ್ಬ ಯಾವ ತಿಂಗಳು ಬರುತ್ತದೆ ಎಂದು ಕೇಳಿದಳು.